ಚೌಡವ್ವನ ಗೇಣುಕಾಗದ

ಚಿತ್ರಕಾರ ಮೌನೇಶಪ್ಪ ಬಡಿಗೇರರ ಸ್ಮರಣಗ್ರಂಥ ಮೊನ್ನೆ ನಮ್ಮ ಯಜಮಾನರು ಕಲಿಸುವ ಸಾಲೆಗೆ ಬಂದಿತು. ಒಂದು ದಿನದ ಮಟ್ಟಿಗೆ ಮನೆಗೆ ತಂದುಕೊಟ್ಟರು. ದಪ್ಪ ರಟ್ಟು, ಮೇಲೆ ಬಂಗಾರದ ಅಕ್ಷರ. ಮೊದಲಿನ ಹದಿನಾರು ಪುಟಗಳಲ್ಲಿ ಗ್ರಂಥ ಹೊರಡಿಸಿದ ಸಮಿತಿಯವರ ಭಾವಚಿತ್ರಗಳೇ ಇವೆ. ರುಮಾಲಿನವರು, ಕರಿಟೊಪ್ಪಿಗೆಯವರು, ಮೀಸೆ ತೀಡಿಕೊಂಡವರು. ಮೌನೇಶಪ್ಪನವರ ಮುಖ ಕಾಣಬೇಕೆಂದರೆ ಹದಿನೇಳನೆಯ ಪುಟದವರೆಗೆ ತಾಳಬೇಕು.

ಎಂಬತ್ತೇಳನೆಯ ಪುಟದಲ್ಲಿ ಅವರು ಪುಣೆಯಿಂದ ಬರೆದ ಒಂದು ಕಾಗದವಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸಂಪಾದಕರ ಟಿಪ್ಪಣಿ: “ಇಲ್ಲಿ ‘ತಂಗಿ’ ಎಂದು ಸಂಬೋಧಿಸಲ್ಪಟ್ಟ ಮಹಿಳೆ ಯಾರೆಂಬುದು ತಿಳಿದುಬಂದಿಲ್ಲ. ಕಲಾಭಿಮಾನಿಯಾದ ಯಾವುದೋ ದೊಡ್ಡ ಮನೆತನದ ಸ್ತ್ರೀ ಇರಬಹುದು. ‘ಗೇಣುಕಾಗದ’ವೆಂದರೆ ಚಿಕ್ಕ ಅಳತೆಯ ಚಿತ್ರವೆಂದು ಊಹಿಸಬಹುದು.”

ಇದನ್ನು ಪಕ್ಕದ ಮನೆಯ ಚೌಡವ್ವನಿಗೆ ಓದಿ ಹೇಳಿದೆ. ಆಕೆ ನನ್ನ ಮಗಳ ತೊಟ್ಟಿಲನ್ನು ಕಾಲಿನಿಂದ ತೂಗುತ್ತ ಕೂತಿದ್ದಳು.

“ಯಾರಂತ ಗೊತ್ತಾಗಿಲ್ಲಂತೇನು?” ಎಂದಳು. “ಎರಡು ಸರ್ತಿ ಬಂದು ನಮ್ಮ ಬಾಗಲಕ್ಕ ಹಣಿ ಬಡಿಸಿಕೊಂಡು ಹ್ವಾದ್ರಲ್ಲ. ಆ ನೋವರ ನೆನಪಿರಬೇಕಿತ್ತು.”

ನಾನು ದಿನಚರಿ ಬರೆಯುವವಳು. ಹಾಲಿನವಳು ನೀರು ಬೆರೆಸಿದ ದಿನವೂ ಮಗಳಿಗೆ ಮೊದಲ ಹಲ್ಲು ಮೂಡಿದ ದಿನವೂ ಅದರಲ್ಲಿವೆ. ಸಮಿತಿಯ ದೊಡ್ಡವರು ನಮ್ಮ ಓಣಿಗೆ ದಯಮಾಡಿಸಿದ ಎರಡೂ ದಿನಗಳು ಅದರಲ್ಲಿವೆ. ಅವರಿಗೆ ತಿಳಿದುಬರದಿದ್ದರೆ ಬೇಡ. ಮಗಳು ಮಲಗಿರುವಷ್ಟು ಹೊತ್ತಿನಲ್ಲಿ ನಾನೇ ಬರೆದಿಡುತ್ತೇನೆ.

ಚೌಡವ್ವ ಗಜೇಂದ್ರಗಡದ ನೇಕಾರ ಓಣಿಯವಳು. ಅರವತ್ತು ದಾಟಿದೆ. ಎಡಗಣ್ಣು ಪೂರಾ ಹೋಗಿದೆ, ಬಲಗಣ್ಣಿಗೆ ಪೊರೆ ಬಂದು ಬಾಗಿಲಲ್ಲಿ ನಿಂತವರು ಗಂಡಸೋ ಹೆಂಗಸೋ ಅಷ್ಟೇ ತಿಳಿಯುತ್ತದೆ. ಗಂಡ ಮುದಿಯಪ್ಪ ತೀರಿಕೊಂಡು ಎಂಟು ವರ್ಷ. ಮಗ ಹನಮಂತಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುವವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ಹೆಂಡತಿ ಸುಶೀಲವ್ವ ಆಡುತ್ತಾಳೆ.

ಎರಡು ವರ್ಷದ ಹಿಂದೆ ಯಜಮಾನರಿಗೆ ಈ ಊರಿಗೆ ವರ್ಗವಾದಾಗ ನಾವು ಅವರ ಪಕ್ಕದ ಮನೆಯಲ್ಲಿ ಬಿಡಾರ ಮಾಡಿದೆವು. ಮಗಳು ಹುಟ್ಟಿದ ಮೇಲೆ ತವರಿನಿಂದ ಬಂದು ನಿಲ್ಲುವವರು ಯಾರೂ ಇರಲಿಲ್ಲ. ಚೌಡವ್ವ ತಾನಾಗಿ ಬಂದು, “ಅಕ್ಕಾರ, ನನಗ ಕಣ್ಣಿಲ್ಲ, ಕಾಲ ಅದಾವ. ತೊಟ್ಟಲಾ ತೂಗತೀನಿ, ನೀವು ಒಲಿ ನೋಡ್ರಿ” ಎಂದಳು. ನಲವತ್ತು ವರ್ಷ ಮಗ್ಗ ತುಳಿದ ಕಾಲು. ತೊಟ್ಟಿಲು ಒಂದೇ ಹದದಲ್ಲಿ ಹೋಗಿ ಬರುತ್ತಿತ್ತು. ಮಗಳು ಅದಕ್ಕೆ ಎಷ್ಟು ಒಗ್ಗಿಬಿಟ್ಟಳೆಂದರೆ ನಾನು ತೂಗಿದರೆ ಅಳುತ್ತಾಳೆ.

ಹದಿನೈದು ದಿನ ಹೀಗೆ ತೂಗಿದ ಮೇಲೆ ಆಕೆ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟಳು. “ಇದು ನನ್ನ ಕೂಲಿ” ಎಂದಳು. ಒಳಗೆ ಕಾರ್ಡುಗಳು, ಲಕೋಟೆಗಳು, ಒಟ್ಟು ನಲವತ್ತೊಂದು ಕಾಗದ. ಓದುವುದಕ್ಕೆ ಆಕೆಗೆ ಎಂದೂ ಬಂದಿರಲಿಲ್ಲ. ಮೊದಲೆಲ್ಲ ಸಾಲಿಯ ಮಲ್ಲೇಶಪ್ಪ ಮಾಸ್ತರರು ಓದಿ ಹೇಳುತ್ತಿದ್ದರಂತೆ. ಅವರು ಸತ್ತು ಹತ್ತು ವರ್ಷ. ಆ ಹತ್ತು ವರ್ಷ ಆಕೆ ಕಾಗದಗಳನ್ನು ಕೈಯಿಂದ ಸವರಿ ಸವರಿ ಇಟ್ಟಿದ್ದಳು. ಹಾಗಾಗಿ ದಿನವೂ ಮಗಳಿಗೆ ಹಾಲೂಡುವ ಹೊತ್ತಿಗೆ ನಾನು ಒಂದೊಂದು ಕಾಗದ ಓದತೊಡಗಿದೆ. ಮೊದಮೊದಲು ಋಣ ತೀರಿಸಲಿಕ್ಕೆ ಓದಿದೆ. ಆಮೇಲೆ ಹಾಲೂಡುವ ಹೊತ್ತು ಯಾವಾಗ ಆದೀತೆಂದು ನಾನೇ ಕಾಯುತ್ತಿದ್ದೆ.

ಕಾಗದ ಬರೆದವರು ಮೌನೇಶಪ್ಪ ಬಡಿಗೇರರು. ನರಗುಂದದವರು. ನಮ್ಮ ಕಡೆಯಿಂದ ಹೋಗಿ ಮುಂಬಯಿ ಪುಣೆಯಲ್ಲಿ ಹೆಸರು ಮಾಡಿದ ಚಿತ್ರಕಾರರು. ಚೌಡವ್ವ ಅವರನ್ನು ಕಂಡಾಗ ಅವರು ಇಪ್ಪತ್ತೆರಡರ ಹುಡುಗ, ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಾನಮೋಡಿ ಬೇನೆ ಬಂದು ಊರೂರು ಹೆಣ ಬಿದ್ದವಲ್ಲ, ಅದಕ್ಕೆ ಐದು ವರ್ಷ ಮೊದಲಿನ ಮಾತು. ಕಂಪನಿ ಗಜೇಂದ್ರಗಡದಲ್ಲಿ ಬಿಡಾರ ಬಿಟ್ಟಿತ್ತು. ಅರಮನೆಯ ಪರದೆ ಹರಿದುಹೋಗಿ, ಹೊಸದಕ್ಕೆ ದಪ್ಪ ಬಟ್ಟೆ ಮುದಿಯಪ್ಪನ ಮಗ್ಗದಿಂದ ಹೋಯಿತು. ಹೊಸದಾಗಿ ಮದುವೆಯಾಗಿ ಬಂದ ಚೌಡವ್ವ ಬಾಗಿಲ ಮರೆಯಿಂದ, “ನೂಲಿಗೆ ಗಂಜಿ ಹಾಕೀವಿ. ತೊಳದು ಒಣಗಿಸಿ ಬಣ್ಣಾ ಹಚ್ಚರಿ, ಇಲ್ಲಾಂದ್ರ ನಿಲ್ಲೂದಿಲ್ಲ” ಎಂದಳು.

“ಚಿತ್ರಾ ಬರಿಯಾಂವಾ ನಾನೋ ನೀನೋ?” ಎಂದು ನಕ್ಕು ಅವರು ಬಟ್ಟೆ ಹೊತ್ತುಕೊಂಡು ಹೋದರು.

ಮೊದಲನೆಯ ಆಟದಲ್ಲಿ ಪರದೆ ಇಳಿಬಿಟ್ಟ ಕೂಡಲೆ ಅರಮನೆ ಉದುರಿತು. ಕಂಬ, ಕಮಾನು, ನವಿಲು ಎಲ್ಲವೂ ಹಕ್ಕಳೆಯಾಗಿ ರಾಜನ ಕಿರೀಟದ ಮೇಲೆ ಬಿದ್ದವು. ಜನ ಆ ದುಃಖದ ನಾಟಕವನ್ನು ಹೊಟ್ಟೆ ಹಿಡಿದುಕೊಂಡು ನೋಡಿದರಂತೆ. ಮರುದಿನ ಮುಂಜಾನೆ ಮೌನೇಶಪ್ಪ ಮುದಿಯಪ್ಪನ ಕಟ್ಟೆಗೆ ಬಂದು ಕೂತರು. ತಲೆಯ ಮೇಲೆ ಇನ್ನೂ ಹಸಿರು ಹಕ್ಕಳೆ ಇತ್ತು.

“ತಂಗೀ, ಇನ್ನ ಏನೇನು ಗೊತ್ತೈತಿ ಹೇಳು. ಎಲ್ಲಾ ಈಗ ಕೇಳಿಬಿಡ್ತೀನಿ, ಮತ್ತೊಮ್ಮೆ ಮಂದಿ ಕೈಲೆ ನಗಿಸಿಕೊಳ್ಳಾಕ ನನ್ನ ಕಡಿ ಆಗೂದಿಲ್ಲ.”

ಸ್ಮರಣಗ್ರಂಥದ ಇಪ್ಪತ್ತೆರಡನೆಯ ಪುಟದಲ್ಲಿ, ಬಟ್ಟೆಯನ್ನು ಚಿತ್ರಕ್ಕೆ ಹದ ಮಾಡುವ ವಿದ್ಯೆಯನ್ನು ಅವರು ಒಂದು ಇಂಗ್ಲಿಷ್ ಪುಸ್ತಕದಿಂದ ಕಲಿತರೆಂದು ಸಂಪಾದಕರು ಬರೆದಿದ್ದಾರೆ. ಪುಸ್ತಕದ ಹೆಸರು ಮಾತ್ರ ಕೊಟ್ಟಿಲ್ಲ.

ಕಂಪನಿ ಬಿಡಾರ ಕಿತ್ತಿತು. ಎರಡು ತಿಂಗಳಿಗೆ ಹುಬ್ಬಳ್ಳಿಯಿಂದ ಮೊದಲ ಕಾರ್ಡು ಬಂತು. ಕೆಂಪು ಎಳೆಗೆ ನೀಲಿ ಹೊಡೆದರೆ ನವಿಲಿನ ಕೊರಳಿನ ಹಾಗೆ ಮಿನುಗುತ್ತದಲ್ಲ, ಅದು ಬಣ್ಣ ಕಲಸಿದರೆ ಬರುವುದಿಲ್ಲ, ಹೇಗೆ ಮಾಡುತ್ತೀ ಎಂದು ಕೇಳಿದ್ದರು. ಹೇಳುವುದಕ್ಕೆ ಚೌಡವ್ವನಿಗೆ ಅಕ್ಷರವಿಲ್ಲ. ಮಾಸ್ತರರಿಂದ ಬರೆಸೋಣವೆಂದರೆ ಅವರಿಗೆ ಮಗ್ಗ ಗೊತ್ತಿಲ್ಲ. ಹೀಗಾಗಿ ಆಕೆ ನೇಯ್ದೇ ಉತ್ತರ ಕೊಟ್ಟಳು.

ನೇಕಾರರಲ್ಲಿ ಒಂದು ರೂಢಿಯಿದೆ. ನೂಲು ಸಾವುಕಾರನದು, ಸೀರೆಯೂ ಸಾವುಕಾರನದು. ಆದರೆ ಸೀರೆ ಮುಗಿದ ಮೇಲೆ ಮಗ್ಗದಲ್ಲಿ ಉಳಿಯುವ ಹಾಸಿನ ತುದಿ, ಸೀರೆಗೆ ಸಾಲದ ಆ ಗೇಣುದ್ದದ ಎಳೆ, ನೇಕಾರನ ಮನೆಗೆ ಸೇರಿದ್ದು. ಬತ್ತಿ ಹೊಸೆಯುತ್ತಾರೆ, ಏನಾದರೂ ಕಟ್ಟಲಿಕ್ಕೆ ಇಟ್ಟುಕೊಳ್ಳುತ್ತಾರೆ. ಚೌಡವ್ವ ಆ ತುದಿಯಲ್ಲಿ ನಾಲ್ಕು ಬೆರಳಗಲದ ಎಳೆಗಳನ್ನು ಬೇರೆ ಮಾಡಿಕೊಂಡು, ಒಂದು ಗೇಣು ನೀಲಿ ಹೊಡೆದು, ಕೊನೆಯ ಎಳೆಗಳನ್ನು ಗಂಟು ಹಾಕಿ, ಗಂಡನ ಕೈಯಲ್ಲಿ ಟಪಾಲಿಗೆ ಹಾಕಿಸಿದಳು.

“ತಂಗಿ ಚೌಡವ್ವಗೆ ಆಶೀರ್ವಾದ” ಎಂದು ಎರಡನೆಯ ಕಾಗದ. “ನಿನ್ನ ಗೇಣುಕಾಗದ ಮುಟ್ಟಿತು. ಕಿಟಕಿಗೆ ಕಟ್ಟಿ ಮುಂಜಾನೆಯಿಂದ ಸಂಜೆಯವರೆಗೆ ನೋಡಿದೆ. ಎರಡು ಬಣ್ಣ ಕಲಸಬಾರದು, ಒಂದರ ಸಂದಿನಲ್ಲಿ ಒಂದನ್ನು ಇಡಬೇಕು ಎಂದು ಹೇಳಿದ್ದೀಯಲ್ಲ, ತಿಳಿಯಿತು. ಊಟ ಮರೆತೆ. ಕಂಪನಿ ಮಾಲಕ ಬೈದ. ನಿನ್ನ ಹೆಸರು ಹೇಳಿದೆ.”

ಹೀಗೆ ಹದಿನಾರು ವರ್ಷ. ಅವರು ಅಕ್ಷರದಲ್ಲಿ ಬರೆದರು, ಈಕೆ ನೂಲಿನಲ್ಲಿ ಬರೆದಳು. ಮಗ ಹುಟ್ಟಿದಾಗ ಹಳದಿ ಗೇಣು ಹೋಯಿತು. ಮಳೆ ಚಲೋ ಆದ ವರ್ಷ ಹಸಿರಿನಲ್ಲಿ ಕರಿ ಚಿಕ್ಕಿ. ಅತ್ತೆಯ ಜೊತೆ ಜಗಳವಾದಾಗ ಎರಡು ದಡಿ ಒಂದಕ್ಕೊಂದು ಬೆನ್ನು ಮಾಡಿದ ಒಂದು ತುಂಡು. ಅದಕ್ಕೆ ಅವರ ಉತ್ತರ, “ತಪ್ಪು ನಿನ್ನದೂ ಇದೆ, ಎಡಗಡೆಯ ದಡಿ ಜಾಸ್ತಿ ಬಿಗಿ ಎಳೆದಿದ್ದೀ.” ಅವರ ಕಾಗದದ ಅಂಚಿಗೆ ಚಿತ್ರಗಳಿರುತ್ತಿದ್ದವು. ಕಣ್ಣು ಹೋಗುವ ಮುಂಚೆ ಆಕೆ ಯಾವ ಕಾಗದ ಯಾವುದೆಂದು ಚಿತ್ರ ನೋಡಿ ಹೇಳುತ್ತಿದ್ದಳು.

ಓಣಿಯಲ್ಲಿ ಮಾತಾಗದೆ ಇರಲಿಲ್ಲ. ಗಂಡನಿದ್ದವಳಿಗೆ ನಾಟಕದವನ ಕಾಗದವೇ ಎಂದು ಹಿರಿಯರು ಮುದಿಯಪ್ಪನನ್ನು ಕರೆದು ಕೇಳಿದರಂತೆ. “ಬರಿಯಾಂವಾ ತಂಗೀ ಅಂದಾನ, ಓದಾಂವಾ ಮಾಸ್ತರ, ಟಪಾಲಿಗೆ ಹಾಕಾಂವಾ ನಾ. ಇದರಾಗ ಕದ್ದದ್ದು ಯಾವುದು ತೋರಸ್ರಿ” ಎಂದನಂತೆ ಮುದಿಯಪ್ಪ.

ಒಂದು ಕಾಗದಕ್ಕೆ ಮಾತ್ರ ಚಿತ್ರವಿಲ್ಲ. ಎರಡೇ ಸಾಲು. “ತಂಗಿ, ಬಿಳಿಯದು ಬಂತು. ನಾನು ಇವತ್ತು ಕುಂಚ ಮುಟ್ಟಿಲ್ಲ.” ಮಾನಮೋಡಿ ಬೇನೆಯ ವರ್ಷದ್ದು. ಆ ವರ್ಷ ಚೌಡವ್ವನ ಚೊಚ್ಚಲ ಮಗಳು ರುದ್ರವ್ವ ಏಳು ತಿಂಗಳಿನವಳು ತೀರಿಕೊಂಡಳು. ಹಾಸೂ ಬಿಳಿ, ಹೊಕ್ಕೂ ಬಿಳಿ, ದಡಿಯಿಲ್ಲದ ತುಂಡು ಕಳಿಸಿದ್ದಳು. ಅದು ಗೇಣಿಗಿಂತ ಉದ್ದ ಇತ್ತು, ಅದಕ್ಕಾಗಿ ಅದೇ ಹಾಸಿನ ಸೀರೆ ಗಿಡ್ಡವಾಗಿ ಸಾವುಕಾರ ಬೈದ ಎಂದಷ್ಟೇ ಹೇಳಿದಳು. ನಾನು ಹೆಚ್ಚು ಕೇಳಲಿಲ್ಲ. ನನ್ನ ಮಡಿಲಲ್ಲಿಯೂ ಒಂದು ಕೂಸಿತ್ತು.

ಮೌನೇಶಪ್ಪನವರು ಮೂವತ್ತೆಂಟಕ್ಕೆ ಪುಣೆಯಲ್ಲಿ ಕ್ಷಯದಿಂದ ಸತ್ತರು. ಅವರು ಬರೆದ ಹೆಂಗಸರ ಸೀರೆಗಳು ಚಿತ್ರದಲ್ಲಿ ಮಿನುಗುತ್ತವೆಂದು ಈಗ ದೊಡ್ಡ ಹೆಸರು. ಕಳೆದ ವರ್ಷ ನಾಡು ಒಂದಾಯಿತಲ್ಲ, ಆ ಉತ್ಸಾಹದಲ್ಲಿ ಎಲ್ಲ ಊರವರಿಗೂ ತಮ್ಮ ಊರಿನಲ್ಲಿ ಒಬ್ಬ ದೊಡ್ಡವ ಸತ್ತಿರಬೇಕೆನ್ನಿಸಿತು. ನರಗುಂದದವರಿಗೆ ಮೌನೇಶಪ್ಪ ಸಿಕ್ಕರು. ಬದುಕಿದ್ದಾಗ ಅವರು ಊರಿಗೆ ಬಂದರೆ ಯಾವ ಕಟ್ಟೆಯ ಮೇಲೆ ಕೂಡಿಸಬೇಕೆಂದು ಯೋಚಿಸಿದ ಜನವೇ ಈಗ ಸಮಿತಿ ಮಾಡಿದರು.

೧೯೫೬ನೇ ಡಿಸೆಂಬರ್ ಒಂಬತ್ತು, ಆದಿತ್ಯವಾರ. ಓಣಿಗೆ ಜೀಪು ಬಂತು. ಇಳಿದವರು ಇಬ್ಬರು. ಒಬ್ಬರು ರೋಣದ ವಕೀಲ ಪ್ರಭುಲಿಂಗಪ್ಪನವರು, ಸಮಿತಿಯ ಅಧ್ಯಕ್ಷರು. ಚಿತ್ರದಲ್ಲಿ ಅವರಿಗಿರುವ ಆಸಕ್ತಿ ಗ್ರಂಥದ ಮೊದಲ ಪುಟದಲ್ಲಿರುವ ಅವರ ಸ್ವಂತ ಚಿತ್ರದಿಂದ ತಿಳಿಯುತ್ತದೆ. ಇನ್ನೊಬ್ಬರು ಪ್ರೊಫೆಸರ್ ನರಸಿಂಹ ಕಟ್ಟಿ, ಸಂಪಾದಕರು. ಮೌನೇಶಪ್ಪನವರ ಡೈರಿಯಲ್ಲಿ “ಗಜೇಂದ್ರಗಡಕ್ಕೆ ಚೌಡವ್ವಗೆ ಕಾಗದ ಬರೆದೆ” ಎಂದು ನಲವತ್ತು ಕಡೆ ಇತ್ತಂತೆ. ಇಷ್ಟು ದೊಡ್ಡ ಕಲಾವಿದ ಕಾಗದ ಬರೆಯಬೇಕಾದರೆ ಆಕೆ ಸರದಾರರ ಮನೆತನದವಳೇ ಇರಬೇಕೆಂದು ತಿಳಿದು, ಮೊದಲು ವಾಡೆಗೆ ಹೋಗಿ “ಚೌಡಾಬಾಯಿಸಾಹೇಬರು” ಎಲ್ಲಿ ಎಂದು ವಿಚಾರಿಸಿ, ಅಲ್ಲಿಯ ಆಳುಗಳಿಂದ ನಗಿಸಿಕೊಂಡು ಇಲ್ಲಿಗೆ ಬಂದಿದ್ದರು.

ನೇಕಾರರ ಬಾಗಿಲು ಗಿಡ್ಡ. ವಕೀಲರು ಹಣೆ ಬಡಿಸಿಕೊಂಡರು. ಪ್ರೊಫೆಸರರು ಹಣೆ ಉಳಿಸಿಕೊಂಡರು, ಆದರೆ ಕತ್ತಲೆಯಲ್ಲಿ ಮಗ್ಗದ ಕುಣಿ ಕಾಣದೆ ಒಂದು ಕಾಲು ಒಳಗಿಟ್ಟರು. ಹನಮಂತಪ್ಪ ರಟ್ಟೆ ಹಿಡಿದು ಎತ್ತಿದ.

“ಚೌಡವ್ವ ಅಂದ್ರ?” ಎಂದರು ವಕೀಲರು.

“ನಾನರೀ” ಎಂದಳು ಚೌಡವ್ವ.

ವಕೀಲರು ಪ್ರೊಫೆಸರರ ಮುಖ ನೋಡಿದರು. ಪ್ರೊಫೆಸರರು ಗೋಡೆ ನೋಡಿದರು. ನಾನು ಮಗಳನ್ನೆತ್ತಿಕೊಂಡು ಅಲ್ಲೇ ಮೂಲೆಯಲ್ಲಿದ್ದೆ. ಕೊಟ್ಟ ಹೆಣ್ಣು ಬೇರೆ, ತೋರಿಸಿದ ಹೆಣ್ಣು ಬೇರೆಯೆಂದು ತಿಳಿದ ಬೀಗರ ಮುಖ ಹೇಗಿರುತ್ತದೆಂದು ಅಂದು ನೋಡಿದೆ. ಆದರೂ ಡಬ್ಬಿ ತೆರೆದಾಗ ಪ್ರೊಫೆಸರರು ಮುಂದೆ ಬಂದರು. ನಿಂತಲ್ಲೇ ನಾಲ್ಕು ಕಾಗದ ಓದಿದರು. ಆ ಮನುಷ್ಯನಿಗೆ ಓದು ಗೊತ್ತಿತ್ತು, ಅಷ್ಟು ಹೇಳಬೇಕು.

“ಇವು ನಮಗ ಬೇಕು” ಎಂದರು ವಕೀಲರು. “ಇದು ನಾಡಿನ ಆಸ್ತಿ ಐತಿ ಮುದುಕಿ. ನಿನ್ನ ಮನಿ ಡಬ್ಬಿಯೊಳಗ ಇರೂದಲ್ಲ.”

“ಹೌದೇನ್ರಿ? ಆ ನಾಡಿನ್ಯಾಗ ನಾ ಅದೀನೋ ಇಲ್ಲೋ?”

“ಎಲ್ಲಾರೂ ಅದಾರ.”

“ಹಂಗಿದ್ರ ನನ್ನ ಆಸ್ತಿ ನನಗ ಕೊಡ್ರಿ. ಅಣ್ಣಾ ಬರದದ್ದು ನಿಮಗ, ನಾ ನೇದದ್ದು ನನಗ. ನಾ ಕಳಿಸಿದ ಗೇಣುಕಾಗದ ಅವರ ಮನ್ಯಾಗ ಇರಬೇಕಲ್ಲ. ಅವನ್ನ ತಂದು ಕೊಡ್ರಿ, ಡಬ್ಬಿ ಸುದ್ದಾ ಒಯ್ರಿ.”

ಪ್ರೊಫೆಸರರು ಮಾತಿಗೆ ಬಾಯಿ ಹಾಕಿದರು. “ಪುಣೇದಾಗ ಅವರ ಪೆಟಗಿಯೊಳಗ ಬಟ್ಟಿ ಚೂರು ಇದ್ವಲ್ಲ ವಕೀಲಸಾಹೇಬ್ರ, ನಾವು ಕುಂಚಾ ಒರಸೋ ಅರಿವಿ ಅಂತ ತಿಳದು—”

ವಕೀಲರಿಗೆ ಒಮ್ಮೆಲೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿ, “ಅದಾವ, ಎಲ್ಲಾ ಜೋಪಾನ ಅದಾವ. ಮುಂದಿನ ಸರ್ತಿ ತರತೇವಿ” ಎಂದರು. ಹೋಗುವಾಗ ಮತ್ತೆ ಹಣೆ ಬಡಿಸಿಕೊಂಡರು.

ಅವರು ಹೋದ ಮೇಲೆ ನಾನು ಕೇಳಿದೆ. “ಆಯೀ, ಕಾಗದಾ ಕೊಟ್ಟುಬಿಟ್ಟರ ನಿನಗ ಓದಿ ಹೇಳೂದೇನು?”

“ಅವು ನನಗ ಬಾಯಿಲೆ ಬರತಾವ ಅಕ್ಕಾರ. ಅವಲ್ಲ ಮಾತು. ಎಂಟು ವರ್ಷದಾಕಿ ಕಂಡಿಕಿಗೆ ನೂಲು ಸುತ್ತಾಕ ಕುಂತೆ, ಕಣ್ಣು ಹೋಗೂತನಾ ನೇದೆ. ಎಷ್ಟು ಮಂದಿ ಮದಿವಿಗೆ ನನ್ನ ಸೀರಿ ಹೋಗ್ಯಾವ. ಈ ಮನ್ಯಾಗ ನಾ ನೇದದ್ದು ಒಂದು ಎಳಿ ಇಲ್ಲ. ಉಟ್ಟಿದ್ದು ಮಗಾ ನೇದದ್ದು. ಕಣ್ಣಿಗೆ ಅಂತೂ ಕಾಣೂದಿಲ್ಲ. ಒಮ್ಮಿ ಕೈಲೆ ಮುಟ್ಟಿ ನೋಡಿದ್ರ, ಹೌದು, ನಾ ಇಷ್ಟು ಮಾಡಿದ್ದೆ ಅಂತ ಅಂದುಕೊಂತೀನಿ.”

ಸೊಸೆ ಸುಶೀಲವ್ವ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. “ಅತ್ತಿ, ಆ ಗೇಣು ಅರಿವಿ ಎಲ್ಲಾ ಕೂಡಿಸಿ ಒಂದು ಕೌದಿ ಹೊಲಸರಿ. ನಾಡಿನ ಆಸ್ತಿ ಹೊಚ್ಚಿಕೊಂಡು ಮಲಕೊಂಡೇನಿ ಅಂತ ಹೇಳಾಕ ಬರತೈತಿ.”

“ಹೊಲಿಸಿದ್ರ ನಿನಗ ಹೊಚ್ಚೂದಿಲ್ಲ ತಗೋ” ಎಂದಳು ಚೌಡವ್ವ.

ಆದರೆ ಆರು ವಾರ ಆಕೆ ಕಾದದ್ದನ್ನು ನಾನು ನೋಡಿದ್ದೇನೆ. ಕೈ ಒರಟಾಗಿದ್ದರೆ ಎಳೆ ತಿಳಿಯುವುದಿಲ್ಲವೆಂದು ನನ್ನಿಂದ ಕೊಬ್ಬರಿ ಎಣ್ಣೆ ಇಸಿದುಕೊಂಡು ದಿನವೂ ಬೆರಳಿಗೆ ತಿಕ್ಕುತ್ತಿದ್ದಳು. ಓಣಿಯಲ್ಲಿ ಏನು ಗುಡುಗುಡು ಎಂದರೂ, “ಜೀಪೇನ್ರಿ?” ಎಂದು ಕೇಳುತ್ತಿದ್ದಳು. ಕಾಶೀಂಸಾಬನ ಗಿರಣಿಯ ಸಪ್ಪಳವಿರುತ್ತಿತ್ತು. ನನಗೆ ಆ ಕೆಮ್ಮು ನೆನಪಾಗುತ್ತಿತ್ತು, ಹೇಳುವ ಧೈರ್ಯವಾಗಲಿಲ್ಲ.

೧೯೫೭ನೇ ಜನವರಿ ಇಪ್ಪತ್ತು, ಮತ್ತೆ ಆದಿತ್ಯವಾರ. ಜೀಪು ಬಂತು. ವಕೀಲರು ಈ ಸಲ ರುಮಾಲು ತೆಗೆದು ಬಗ್ಗಿ ಒಳಗೆ ಬಂದರು, ನಡು ನೆಟ್ಟಗೆ ಮಾಡುವಾಗ ಜಂತಿಗೆ ಬಡಿಸಿಕೊಂಡರು. ಬಣ್ಣದ ಕಾಗದ ಅಂಟಿಸಿದ ಒಂದು ರಟ್ಟಿನ ಪೆಟ್ಟಿಗೆ ಚೌಡವ್ವನ ಮಡಿಲಲ್ಲಿಟ್ಟರು. ಒಳಗೆ ಇಸ್ತ್ರಿ ಮಾಡಿ ಜೋಡಿಸಿದ ಬಟ್ಟೆಯ ತುಂಡುಗಳು, ಕೆಂಪು, ಹಸಿರು, ಹಳದಿ. ನೋಡಲಿಕ್ಕೆ ಬಹಳ ಚೆಂದ ಇದ್ದವು. ಎಲ್ಲ ಒಂದೇ ಅಳತೆ. ನನಗೆ ಮತ್ತೆ ಆ ಕೆಮ್ಮು ನೆನಪಾಯಿತು.

“ತಗೋ, ನಿನ್ನ ಆಸ್ತಿ” ಎಂದರು ವಕೀಲರು. “ನಮ್ಮದು ತಾ.”

ಚೌಡವ್ವ ಮೇಲಿನ ತುಂಡನ್ನು ಎತ್ತಿಕೊಂಡಳು. ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ತಿಕ್ಕಿದಳು. ತುದಿ ಮುಟ್ಟಿದಳು, ಇನ್ನೊಂದು ತುದಿ ಮುಟ್ಟಿದಳು. ಎರಡನೆಯದನ್ನು ತೆಗೆದುಕೊಂಡಳು, ಮೂರನೆಯದನ್ನು. ಆಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿ ಪೆಟ್ಟಿಗೆಯಲ್ಲಿಟ್ಟಳು.

“ಸುಶೀಲಾ, ಇಲ್ಲಿ ಬಾ. ಇದನ್ನ ನೋಡು.”

ಸುಶೀಲವ್ವ ಬಂದು ಬಗ್ಗಿ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು. “ಅಯ್ಯ, ಇದು ಮಿಲ್ಲಿನ ಅರಿವೀರಿ ಅತ್ತಿ. ರೋಣದ ಸಂತ್ಯಾಗ ಗಜಾ ಲೆಕ್ಕದಲೆ ಕೊಡತಾರ. ಕತ್ತರಿಲೆ ಕೊರದಾರ, ಗಂಟು ಇಲ್ಲ ಏನಿಲ್ಲ. ವಕೀಲರ, ನೇಕಾರ ಮನಿಗೆ ಮಿಲ್ಲಿನ ಬಟ್ಟಿ ತಂದೀರಿ?”

ಮಗ್ಗದ ಸಪ್ಪಳ ನಿಂತಿತು. ಮಾತಾಡದ ಹನಮಂತಪ್ಪ ಕುಣಿಯಿಂದಲೇ ಕೈ ಚಾಚಿ ಒಂದು ತುಂಡು ತೆಗೆದುಕೊಂಡು ನೋಡಿದ. ವಾಪಸು ಕೊಟ್ಟ. ಮತ್ತೆ ಲಾಳಿ ಹೊಡೆಯತೊಡಗಿದ. ಅವನು ಏನಾದರೂ ಬೈದಿದ್ದರೆ ವಕೀಲರಿಗೆ ಸಮಾಧಾನವಾಗುತ್ತಿತ್ತೋ ಏನೋ.

ಇಷ್ಟು ಓದಿದವರು, ಕೋರ್ಟಿನಲ್ಲಿ ಸುಳ್ಳುಸಾಕ್ಷಿ ಹಿಡಿಯುವವರು, ಮುದುಕಿಗೆ ಕಣ್ಣಿಲ್ಲವೆಂಬುದನ್ನಷ್ಟೇ ಲಕ್ಷ್ಯದಲ್ಲಿಟ್ಟರು. ನೇಕಾರಳ ಕಣ್ಣು ಬೆರಳಿನಲ್ಲಿರುತ್ತದೆಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಚೀಲದ ತುಂಬ ಉಪ್ಪು ತಂದು ಅಡಿಗೆಯವಳಿಗೆ ಸಕ್ಕರೆಯೆಂದು ಹೇಳಿದ ಹಾಗಾಯಿತು.

“ನಂದು ಎಲ್ಲಿ ಅದಾವರೀ?” ಎಂದು ಚೌಡವ್ವ ಮೆಲ್ಲಗೆ ಕೇಳಿದಳು.

ಪ್ರೊಫೆಸರರೇ ಹೇಳಿದರು, ನೆಲ ನೋಡುತ್ತ. “ಹೋದ್ವರಿ ಅವು. ಚಿಂದಿ ಅಂತ ತಿಳಿದಿದ್ವಿ. ಡ್ರೈವರ್ ಜೀಪು ಒರಸಲಿಕ್ಕೆ ಒಯ್ದಾ. ಧೂಳದ ಹಾದಿ ಇತ್ತು.”

ಹದಿನಾರು ವರ್ಷದ ಮಾತು ಜೀಪಿನ ಧೂಳು ಒರಸಿ ಮುಗಿಯಿತು. ಚೌಡವ್ವ ಎಣ್ಣೆ ತಿಕ್ಕಿದ ಕೈಗಳನ್ನು ಮಡಿಲಲ್ಲಿ ಮಡಿಸಿಟ್ಟುಕೊಂಡು ಕೂತಳು. ನನಗೆ ಸಿಟ್ಟು ಬಂದು ಮಗಳನ್ನು ಬಿಗಿಯಾಗಿ ಹಿಡಿದೆನೋ ಏನೋ, ಅವಳು ಅಳತೊಡಗಿದಳು.

ವಕೀಲರಿಗೆ ನಾಚಿಕೆಯಾಗಲಿಲ್ಲ. ತಡವಾಯಿತೆಂದು ಗಡಿಯಾರ ನೋಡಿದರು. “ಆದದ್ದು ಆತು ಮುದುಕಿ. ನೋಡು, ಗ್ರಂಥದ ಅರ್ಧಾ ಅಚ್ಚು ಆಗೇದ. ಎಂಥಾ ದೊಡ್ಡ ಕೆಲಸ ಐತಿ, ನೀನೇ ಮುಟ್ಟಿ ನೋಡು” ಎಂದು ಕಂಕುಳಲ್ಲಿದ್ದ ಅಚ್ಚಿನ ಹಾಳೆಗಳ ಸುರುಳಿಯನ್ನು ಆಕೆಯ ಕೈಗೆ ತುರುಕಿದರು.

ಚೌಡವ್ವನ ಕೈ ಸುರುಳಿಯ ಮೇಲೆ ಆಡಿತು. ನಡುವೆ ಒಂದು ಬಿಳಿ ಪಟ್ಟಿಯಿಂದ ಅದನ್ನು ಕಟ್ಟಿದ್ದರು. ಅಲ್ಲಿ ಬೆರಳು ನಿಂತವು. ಪಟ್ಟಿಯ ತುದಿಯಲ್ಲಿ ಸಾಲಾಗಿ ಸಣ್ಣ ಗಂಟುಗಳಿದ್ದವು. ಒಂದೊಂದೇ ಗಂಟನ್ನು ಮುಟ್ಟುತ್ತ ಹೋದಳು.

“ಇದನ್ನ ಎಲ್ಲಿಂದ ತಂದ್ರಿ?”

“ಯಾವುದು?” ಎಂದರು ವಕೀಲರು. “ಅದಾ? ಅದೇ ಪೆಟಗ್ಯಾಗ ಇತ್ತು. ಉದ್ದ ಇತ್ತು, ಬಿಳಿದಿತ್ತು, ಕಟ್ಟಾಕ ಚಲೋ ಆತು.”

ಚೌಡವ್ವ ಗಂಟು ಬಿಚ್ಚಿದಳು. ಅಚ್ಚಿನ ಹಾಳೆಗಳು ಬಿಚ್ಚಿಕೊಂಡು ಮಗ್ಗದ ಕುಣಿಯ ತನಕ ಹರಡಿದವು. ಪ್ರೊಫೆಸರರು ಮೊಣಕಾಲೂರಿ ಅವನ್ನು ಆಯತೊಡಗಿದರು. ಆಕೆ ಪಟ್ಟಿಯನ್ನು ತೊಡೆಯ ಮೇಲೆ ನೀವಿ ಹಾಸಿ, ತನ್ನ ಸಣ್ಣ ಕೈಯನ್ನು ಅಗಲಿಸಿ ಅಳೆದಳು. ಒಂದು, ಎರಡು, ಮೂರು. ಕೊನೆಗೆ ಅರ್ಧ.

“ಮೂರೂವರಿ ಗೇಣು” ಎಂದಳು. “ಇಷ್ಟ ಇದ್ದಳು ನನ್ನ ರುದ್ರವ್ವ. ಮಣ್ಣಿಗೆ ಒಯ್ಯೂ ಮುಂಚೆ ಅಳದಿದ್ದೆ.”

ವಕೀಲರು ಮತ್ತೊಮ್ಮೆ ಕೆಮ್ಮಲು ನೋಡಿದರು, ಆಗಲಿಲ್ಲ.

ಚೌಡವ್ವ ನನ್ನ ಕಡೆ ಮುಖ ತಿರುಗಿಸಿದಳು. “ಅಕ್ಕಾರ, ಡಬ್ಬಿ ತಗೀರಿ. ಒಂದು ತಂದಾರ, ಒಂದು ಕೊಡೂದು ನ್ಯಾಯ. ಆ ನಾಕು ಮಂದಿ ದೊಡ್ಡವರದು ಐತಲ್ಲ, ಅದನ್ನ ಕೊಡ್ರಿ. ಇವರಿಗೆ ಒಪ್ಪತೈತಿ.”

“ಉಳಿದವು?” ಎಂದರು ವಕೀಲರು.

“ಉಳಿದವಕ್ಕ ಉಳಿದವನ್ನ ತರ್ರಿ.”

ನಾನು ಹುಡುಕಿ ತೆಗೆದುಕೊಟ್ಟೆ. ಅದೇ ಈಗ ಎಂಬತ್ತೇಳನೆಯ ಪುಟದಲ್ಲಿರುವುದು. ಓದಿದವರು ಓದಿರಬಹುದು, ಆದರೂ ಇಲ್ಲಿ ಬರೆಯುತ್ತೇನೆ:

“ತಂಗಿ ಚೌಡವ್ವಗೆ ಆಶೀರ್ವಾದ. ಇಂದು ನಾಲ್ಕು ಜನ ದೊಡ್ಡವರು ಚಿತ್ರ ನೋಡಲು ಬಂದಿದ್ದರು. ಒಬ್ಬ ಚೌಕಟ್ಟಿನ ಕಟ್ಟಿಗೆ ಯಾವುದೆಂದು ಕೇಳಿದ. ಇನ್ನೊಬ್ಬ ಚಿತ್ರಕ್ಕೆ ಬೆನ್ನು ಮಾಡಿ ನಿಂತು ಕಲೆಯ ವಿಷಯವಾಗಿ ಅರ್ಧ ತಾಸು ಹೇಳಿದ. ಮೂರನೆಯವ ಚಹಾಕ್ಕೆ ಸಕ್ಕರೆ ಕಡಿಮೆ ಎಂದ. ನಾಲ್ಕನೆಯವ ಏನೂ ಅನ್ನಲಿಲ್ಲ, ಇವನೇ ಶಾಣ್ಯಾ ಎಂದು ತಿಳಿದೆ; ಆಮೇಲೆ ನೋಡಿದರೆ ಕೂತಲ್ಲೇ ನಿದ್ದೆ ಹೋಗಿದ್ದ. ನಿನ್ನ ಗೇಣುಕಾಗದ ಎದುರಿಗೇ ಗೋಡೆಯ ಮೇಲಿತ್ತು, ಒಬ್ಬನೂ ನೋಡಲಿಲ್ಲ. ನಾನೂ ತೋರಿಸಲಿಲ್ಲ. ಮುದಿಯಪ್ಪನ ಕೆಮ್ಮಿಗೆ ಜ್ಯೇಷ್ಠಮಧು ಕೊಡು.”

ಸಮಿತಿಯವರು “ಚೌಡವ್ವಗೆ” ಎಂಬುದನ್ನೂ ಮುದಿಯಪ್ಪನ ಕೆಮ್ಮನ್ನೂ ಬಿಟ್ಟು ಉಳಿದದ್ದನ್ನು ಅಚ್ಚು ಹಾಕಿದ್ದಾರೆ. ಕಲಾವಿದರ ವಿನೋದಶೀಲತೆಗೆ ಒಳ್ಳೆಯ ಉದಾಹರಣೆಯಂತೆ. ವಿನೋದ ಯಾರ ಮೇಲೆ ಎಂದು ವಕೀಲರಿಗೆ ಹೊಳೆದಿಲ್ಲ. ಪ್ರೊಫೆಸರರಿಗೆ ಹೊಳೆದಿರಬೇಕು, ಹೊಳೆದೂ ಆ ಟಿಪ್ಪಣಿ ಬರೆದರಲ್ಲ, ಅವರ ಮೇಲೆ ನನಗೆ ವಕೀಲರಿಗಿಂತ ಹೆಚ್ಚು ಸಿಟ್ಟು. ನೇಕಾರ ಓಣಿಯ ಮುದುಕಿ ಗ್ರಂಥದಲ್ಲಿ ಬಂದರೆ ರಟ್ಟಿನ ಮೇಲಿನ ಬಂಗಾರ ಕಪ್ಪಾಗುತ್ತಿತ್ತೇನೋ.

ಅಂದು ಜೀಪು ಹೋದ ಮೇಲೆ ಸುಶೀಲವ್ವ ಮಿಲ್ಲಿನ ತುಂಡುಗಳನ್ನು ಎತ್ತಿಕೊಂಡು, “ಒಲಿ ಮ್ಯಾಲಿನ ಗಡಗಿ ಇಳಸಾಕ ಆದೀತು” ಎಂದು ಒಳಗೆ ಒಯ್ದಳು. ಅತ್ತೆಯ ಮುಂದೆ ಒಂದು ಬಟ್ಟಲು ಚಹಾ ತಂದಿಟ್ಟಳು, ಕೇಳದೆಯೇ. ಅಂಥದು ಅವಳು ದಿನಾ ಮಾಡುವುದಿಲ್ಲ.

ಚೌಡವ್ವ ಬಿಳಿ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಮೂರನೆಯ ಗೇಣಿನ ಹತ್ತಿರ ಒಂದು ಕಡೆ ಬೆರಳಿಟ್ಟಳು.

“ಇಲ್ಲಿ ಒಂದು ಎಳಿ ತಪ್ಪೈತಿ ಅಕ್ಕಾರ. ಆವತ್ತು ಕಣ್ಣಾಗ ನೀರಿತ್ತು, ಕಂಡಿರಲಿಲ್ಲ. ಈಗ ಸಿಕ್ಕಿತು.” ಆಮೇಲೆ, “ಅದನ್ನ ಓದ್ರಿ” ಎಂದಳು. ಯಾವುದೆಂದು ನಾನು ಕೇಳಲಿಲ್ಲ.

“ತಂಗಿ, ಬಿಳಿಯದು ಬಂತು. ನಾನು ಇವತ್ತು ಕುಂಚ ಮುಟ್ಟಿಲ್ಲ.”

ಎರಡೇ ಸಾಲು, ಓದಲು ಹೊತ್ತು ಹಿಡಿಯುವುದಿಲ್ಲ. ಇನ್ನೊಮ್ಮೆ ಓದಿಸಿದಳು. ಅಷ್ಟರಲ್ಲಿ ಮಗಳು ಹಸಿವಿಗೆ ಕೂಗಿದಳು, ಹಾಲು ಕಾಯಿಸಲು ಮನೆಯಲ್ಲಿ ಒಲೆಯೂ ಹೊತ್ತಿಸಿರಲಿಲ್ಲ. ನಾನು ಏಳುವಾಗ ಚೌಡವ್ವ, “ಕೂಸಿನ್ನ ಇಲ್ಲೆ ಕೊಟ್ಟು ಹೋಗ್ರಿ” ಎಂದು ಕೈ ಚಾಚಿದಳು. ಮಗಳನ್ನು ಆಕೆಯ ತೊಡೆಯ ಮೇಲೆ ಮಲಗಿಸಿ, ಬಗ್ಗಿ ಬಾಗಿಲು ದಾಟಿದೆ.